49ನ್ನು 55 ಮಾಡಲು ಹೊರಟ ಟೂಲ್

ಆ ರಾತ್ರಿ ಶಿಫ್ಟ್ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಪ್ರಾಜೆಕ್ಟ್ ಅಂದರೆ ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಹಳೇ ಸೀಸನ್‌ಗಳ ಡೇಟಾವನ್ನು ಕಂಪ್ಯೂಟರ್‌ಗೆ ತುಂಬಿ ಪರಿಶೀಲಿಸೋದು. ಅವತ್ತು ನನ್ನ ಕ್ಯೂಗೆ ಬಂದದ್ದು ಮಿಷಿಗನ್ ವಿಶ್ವವಿದ್ಯಾಲಯದ 1901ರ ಬ್ಯಾಚ್. ಫೀಲ್ಡಿಂಗ್ ಯೋಸ್ಟ್ ಅಲ್ಲಿ ಕೋಚ್ ಆಗಿ ಬಂದ ಮೊದಲ ವರ್ಷ. 11 ಪಂದ್ಯ, ಹನ್ನೊಂದೂ ಗೆಲುವು. ಗಳಿಸಿದ್ದು 550 ಪಾಯಿಂಟ್, ಬಿಟ್ಟುಕೊಟ್ಟದ್ದು ಸೊನ್ನೆ. ಬಫಲೋ ತಂಡವನ್ನು 128-0ರಲ್ಲಿ ಬಡಿದ ಸೀಸನ್ ಅದು.

ಕೊನೆಯ ಎಂಟ್ರಿ 1902ರ ಜನವರಿ 1ರ ಪಂದ್ಯ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹೊಸವರ್ಷದ ಉತ್ಸವಕ್ಕೆ ನಡೆದ ಮೊದಲ ರೋಸ್ ಬೌಲ್. ಮಿಷಿಗನ್ 49, ಸ್ಟ್ಯಾನ್‌ಫರ್ಡ್ 0. ಲೆಕ್ಕ ತಾಳೆ ನೋಡುವ ಟೂಲ್‌ನಲ್ಲಿ ವ್ಯಾಲಿಡೇಷನ್ ಕೆಂಪಾಯಿತು. ಎಂಟು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸೋದು), ನಾಲ್ಕು ಗೋಲ್ (ಟಚ್‌ಡೌನ್ ಆದಮೇಲಿನ ಒದೆತ), ಒಂದು ಫೀಲ್ಡ್ ಗೋಲ್ (ಆಟದ ನಡುವೆ ಚೆಂಡನ್ನು ಕಂಬಗಳ ಮಧ್ಯೆ ಒದೆಯೋದು) ಕೂಡಿಸಿ 55 ಆಗಬೇಕು ಅಂತ ಟೂಲ್ ಹಟ ಹಿಡಿದಿತ್ತು. ಪಕ್ಕದಲ್ಲೇ ಆಟೋ ಕರೆಕ್ಟ್ ಬಟನ್.

ಟಿಎಲ್ (ಟೀಮ್ ಲೀಡರ್) ಬಂದು ಕುರ್ಚಿ ಹಿಂದೆ ನಿಂತರು. "ಒತ್ತಿಬಿಡಿ ಮೇಡಂ, ಕ್ಲೈಂಟ್ ಕಾಲ್‌ಗೆ ಮುಂಚೆ ಬ್ಯಾಚ್ ಕ್ಲೋಸ್ ಆಗ್ಬೇಕು." ನಾನು ಮೌಸ್ ಬಿಟ್ಟು ಪ್ಯಾಡ್ ತೆಗೆದುಕೊಂಡೆ. ಆಗ ಟಚ್‌ಡೌನ್‌ಗೆ ಐದೇ ಪಾಯಿಂಟ್, ಫೀಲ್ಡ್ ಗೋಲ್‌ಗೂ ಐದು. ಎಂಟೈದಲೆ ನಲವತ್ತು, ನಾಲ್ಕು ಗೋಲ್‌ಗೆ ನಾಲ್ಕು, ಮೇಲೈದು. ಸರಿಯಾಗಿ 49. ಫೀಲ್ಡ್ ಗೋಲ್ 1904ರಲ್ಲಿ ನಾಲ್ಕಕ್ಕೆ, 1909ರಲ್ಲಿ ಮೂರಕ್ಕೆ ಇಳಿಯಿತು. ಟಚ್‌ಡೌನ್ ಆರಾದದ್ದು 1912ರಲ್ಲಿ. ಟೂಲ್‌ಗೆ ಗೊತ್ತಿದ್ದದ್ದು ಇವತ್ತಿನ ರೂಲ್ ಒಂದೇ.

"ಹೋಲ್ಡ್ ಹಾಕ್ತೀನಿ ಸರ್" ಅಂದೆ. ಹೋಲ್ಡ್ ಹಾಕಿದರೆ ನಮ್ಮ ಆಫೀಸ್ ಟೀಮ್‌ನ ಸ್ಕೋರ್ ಬೀಳುತ್ತದೆ, ಅವರ ಮುಖ ಕಪ್ಪಿಟ್ಟಿತು. ಆದರೆ ಇದೊಂದು ಪಂದ್ಯದ ಮಾತಲ್ಲ. ಬಟನ್ ಒತ್ತಿದ್ದರೆ ಪಂದ್ಯದಿಂದ ಪಂದ್ಯಕ್ಕೆ ಮೊತ್ತ ಉಬ್ಬಿ, ಆ 550 ಅನ್ನೋದೇ ಅಳಿಸಿಹೋಗುತ್ತಿತ್ತು. ಹೋಲ್ಡ್ ಹಾಕಿದೆ, ಲೆಕ್ಕದ ಸಮೇತ ಮೇಲಿನವರಿಗೆ ಎಸ್ಕಲೇಟ್ ಮಾಡಿದೆ. ಕಾಲ್‌ನಲ್ಲಿ ಕ್ಲೈಂಟ್ ಕಡೆಯವರು ಒಂದೇ ಮಾತಿಗೆ ಒಪ್ಪಿದರು. ಈಗ ಪಾಯಿಂಟ್ ಟೇಬಲ್ ಸೀಸನ್‌ವಾರು ಇದೆ.

ಪಾಸಿಂಗ್ ಯಾರ್ಡ್ಸ್ (ಚೆಂಡನ್ನು ಮುಂದಕ್ಕೆ ಎಸೆದು ಗಳಿಸಿದ ದೂರ) ಕಾಲಂದೂ ಇದೇ ಗೋಳು. ಮುಂದಕ್ಕೆ ಪಾಸ್ ಕೊಡಲು ಅನುಮತಿ ಸಿಕ್ಕಿದ್ದೇ 1906ರಲ್ಲಿ. ಅದಕ್ಕೂ ಹಿಂದಿನ ಪಂದ್ಯಕ್ಕೆ ಸೊನ್ನೆ ತುಂಬಿದರೆ, ಪ್ರಯತ್ನಪಟ್ಟು ಸೋತರು ಅಂತ ಓದಿಸಿಕೊಳ್ಳುತ್ತದೆ. ಆ ಫೀಲ್ಡ್ ಖಾಲಿ ಬಿಡಬೇಕು. ಹೊಸಬರಿಗೆ ಟ್ರೈನಿಂಗ್‌ನಲ್ಲಿ ಕೀಬೋರ್ಡ್ ಸ್ಪೀಡ್ ಕಲಿಸುತ್ತಾರೆ, ಯಾವ ವರ್ಷ ಯಾವ ನಿಯಮ ಅನ್ನೋ ಒಂದು ಪುಟ ಕೊಡೋದಿಲ್ಲ. ಅದನ್ನು ಮೊದಲ ದಿನವೇ ಕೈಗೆ ಕೊಡಿ ಅಂತ ನಾನು ಪ್ರತಿ ರಿವ್ಯೂನಲ್ಲೂ ಕೇಳುತ್ತಿದ್ದೇನೆ.

ಇನ್ನೊಂದು ಟಿಕೆಟ್ ಓಪನ್ ಇದೆ. ಆ ರೋಸ್ ಬೌಲ್‌ನಲ್ಲಿ ಎಂಟು ನಿಮಿಷ ಉಳಿದಿರುವಾಗಲೇ, ಜರ್ಝರಿತವಾಗಿದ್ದ ಸ್ಟ್ಯಾನ್‌ಫರ್ಡ್ ಸೋಲೊಪ್ಪಿ ಆಟ ನಿಲ್ಲಿಸಿತು. ನಮ್ಮ ಡ್ರಾಪ್‌ಡೌನ್‌ನಲ್ಲಿರೋದು 'ಪೂರ್ಣ', 'ರದ್ದು' ಎರಡೇ. ಆ ಪಂದ್ಯದ ನಂತರ ಆ ಉತ್ಸವದಲ್ಲಿ ಮತ್ತೆ ಫುಟ್‌ಬಾಲ್ ನಡೆದದ್ದು 1916ರಲ್ಲಿ. ಅಂಥ ಪಂದ್ಯವನ್ನು 'ಪೂರ್ಣ' ಅಂತ ಸೈನ್‌ಆಫ್ ಮಾಡಲು ನನಗೆ ಮನಸ್ಸಿಲ್ಲ. ಮೂರನೇ ಆಯ್ಕೆ ಸೇರಿಸೋವರೆಗೂ ಟಿಕೆಟ್ ಕ್ಲೋಸ್ ಮಾಡೋದಿಲ್ಲ.