ಸೋಮವಾರಕ್ಕೂ ಒಂದು ಪ್ರಾರ್ಥನೆ

ಭಾನುವಾರ ದೇವರು ಹತ್ತಿರ ಅನ್ನಿಸುವುದು ಸುಲಭ. ನಮ್ಮ ಬೀದರಿನ ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿನಲ್ಲಿ ಎಲ್ಲರೂ ಸೇರಿ ಹಾಡುವಾಗ ಮನಸ್ಸು ತಾನಾಗೇ ತುಂಬುತ್ತದೆ. ನನಗೆ ಕಷ್ಟ ಆಗುವುದು ಸೋಮವಾರ. ಡಬ್ಬಿ, ಬಸ್ಸು, ಆಫೀಸು, ಮತ್ತೆ ಅಡುಗೆ.

ಆಗೆಲ್ಲ ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯದ ಮಾರ್ಥಳ ನೆನಪಾಗುತ್ತದೆ. ಯೇಸು ಮನೆಗೇ ಬಂದಿದ್ದಾನೆ. ತಂಗಿ ಮರಿಯಳು ಆತನ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಾಳೆ. ಮಾರ್ಥಳಿಗೆ ಮಾತ್ರ ಕೈತುಂಬ ಕೆಲಸ. 'ಸ್ವಾಮೀ, ಇವಳಿಗೆ ಸ್ವಲ್ಪ ಹೇಳು' ಅಂತ ಆತನ ಹತ್ತಿರವೇ ದೂರುತ್ತಾಳೆ. ಯೇಸು ಗದರುವುದಿಲ್ಲ. 'ಮಾರ್ಥಾ, ಮಾರ್ಥಾ' ಅಂತ ಎರಡು ಸಲ ಹೆಸರು ಹಿಡಿದು ಕರೆಯುತ್ತಾನೆ. ಆ ಕರೆಯಲ್ಲೇ ಎಷ್ಟು ಅಕ್ಕರೆ ಇದೆ ಅಲ್ವಾ! ನನಗಂತೂ ಆತ ನನ್ನನ್ನೇ ಕರೆದ ಹಾಗೆ ಕೇಳಿಸುತ್ತದೆ.

ಈಗ ಬೆಳಿಗ್ಗೆ ರೊಟ್ಟಿ ಬಡಿಯುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಫೋನ್ ಮುಟ್ಟುವುದಿಲ್ಲ. ಒಂದು ಕೀರ್ತನೆ ಓದಿ, ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ನನ್ನ ಮನಸ್ಸು ನೋಯಿಸಿದವರ ಹೆಸರೂ ಅದರಲ್ಲಿರುತ್ತದೆ. ವೈರಿಗಳನ್ನೂ ಪ್ರೀತಿಸಿ, ಹಿಂಸೆ ಕೊಡುವವರಿಗಾಗಿ ಪ್ರಾರ್ಥಿಸಿ ಅಂತ ಯೇಸುವೇ ಹೇಳಿದ್ದಾನಲ್ಲ. ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಆದರೆ ಬೆಳಿಗ್ಗೆ ಯಾರಿಗಾಗಿ ಬೇಡಿಕೊಂಡೆನೋ ಅವರ ಮೇಲೆ ಮಧ್ಯಾಹ್ನ ಸಿಡುಕಲು ಬಾಯಿ ಬರುವುದಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಪ್ರಾರ್ಥನೆ ಬೇಕಿದ್ದರೆ ಹೆಸರು ಕಳಿಸಿ. ಕಾರಣ ಹೇಳಬೇಕಂತಿಲ್ಲ. ನಾಳೆ ಬೆಳಿಗ್ಗೆ ಖಂಡಿತ ನೆನೆಯುತ್ತೇನೆ.