ಮೂರು ದಿನ, ಒಂಬತ್ತು ಚುಕ್ಕಿ ಚಿನ್ನ

ಮೊದಲೇ ಲೆಕ್ಕ ಒಪ್ಪಿಸಿಬಿಡುತ್ತೇನೆ. ಮೂರು ದಿನ, ಇಬ್ಬರು ಆಳು, ಹೊಳೆ ಮರಳು ತೊಳೆದು ಸಿಕ್ಕಿದ್ದು ಒಂಬತ್ತು ಚುಕ್ಕಿ ಚಿನ್ನ. ಅದರಲ್ಲಿ ದೊಡ್ಡದು ಒಂದು ರವೆ ಕಾಳಿನಷ್ಟು. ಪೆಟ್ರೋಲ್ ಖರ್ಚೂ ಹುಟ್ಟಲಿಲ್ಲ. ಆದರೂ ಮುಂದಿನ ಸೆಪ್ಟೆಂಬರ್‌ಗೆ ಮತ್ತೆ ಹೋಗೋಣ ಅಂತ ಮಾತಾಗಿದೆ. ನೀವೂ ಹೊರಡುವವರಾದರೆ, ನಾವು ದಂಡ ಮಾಡಿಕೊಂಡ ಮೊದಲ ಒಂದೂವರೆ ದಿನ ನಿಮಗಾದರೂ ಉಳಿಯಲಿ.

ನಾವು ಹೋಗಿದ್ದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿಗೆ. ಅದರ ಪಶ್ಚಿಮದ ಇಳಿಜಾರಿನ ಹಳೆಯ ಗಣಿ ಊರುಗಳನ್ನೆಲ್ಲ ಹೆದ್ದಾರಿ 49 ದಾರದ ಹಾಗೆ ಪೋಣಿಸಿಕೊಂಡು ಹೋಗುತ್ತದೆ. 1849ರಲ್ಲಿ ಚಿನ್ನದ ಆಸೆಗೆ ಮುಗಿಬಿದ್ದ ಜನರ ನೆನಪಿಗೇ ಆ ನಂಬರ್. ಜೊತೆಗಿದ್ದವರು ಭಾವ. ಅವರು ಸ್ಯಾಕ್ರಮೆಂಟೊದಲ್ಲಿದ್ದಾರೆ. ಅಲ್ಲಿಂದ ಕೊಲೊಮಾ ಎಂಬ ಊರಿಗೆ ಕಾರಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ.

ಕೊಲೊಮಾದಿಂದಲೇ ಶುರು ಮಾಡಿ. 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಎಂಬ ಬಡಗಿ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ ಹಳದಿ ಚೂರು ಕಂಡದ್ದು ಇಲ್ಲೇ, ಅಮೆರಿಕನ್ ನದಿಯ ದಕ್ಷಿಣ ಕವಲಿನ ದಡದಲ್ಲಿ. ಈಗ ಅದು ರಾಜ್ಯ ಸರ್ಕಾರದ ಪಾರ್ಕ್. ಗುರುತು ಮಾಡಿದ ಜಾಗದಲ್ಲಿ ಯಾರು ಬೇಕಾದರೂ ಮರಳು ತೊಳೆಯಬಹುದು. ಆದರೆ ಕೈ ಮತ್ತು ಪ್ಯಾನ್ (ಮರಳು ತೊಳೆಯುವ ಅಗಲ ತಟ್ಟೆ) ಮಾತ್ರ, ಸನಿಕೆ ಗುದ್ದಲಿ ಏನೂ ಮುಟ್ಟುವಂತಿಲ್ಲ. ನಾವು ಹೊಸ ಸನಿಕೆಯನ್ನು ಹೆಗಲ ಮೇಲಿಟ್ಟುಕೊಂಡು ಜಂಬದಿಂದ ಇಳಿದಿದ್ದೆವು. ಪಾರ್ಕಿನವರು ನಗುತ್ತಲೇ ವಾಪಸ್ ಕಾರಿಗೆ ಕಳಿಸಿದರು.

ಇಲ್ಲಿ ಚಿನ್ನ ಸಿಗುವುದು ಕಷ್ಟ, ಎಷ್ಟೋ ಜನ ತೊಳೆದು ಹೋದ ಮರಳು. ಆದರೆ ಕೈ ಪಳಗಿಸಿಕೊಳ್ಳೋಕೆ ಒಳ್ಳೆಯ ಜಾಗ. ಅಕ್ಕಿ ಜಾಲಿಸಿ ಕಲ್ಲು ತೆಗೆದು ಗೊತ್ತಿದ್ದವರು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ. ಇಲ್ಲಿ ಸ್ವಲ್ಪ ಉಲ್ಟಾ ಅಷ್ಟೆ: ತಳದಲ್ಲಿ ಉಳಿಯುವ ಕಲ್ಲೇ ನಮಗೆ ಬೇಕಾದದ್ದು. ಪ್ಯಾನಿಗೆ ಅರ್ಧದಷ್ಟು ಮರಳು ತುಂಬಿ, ನೀರಲ್ಲಿ ಮುಳುಗಿಸಿ, ಜೇಡಿಮಣ್ಣಿನ ಉಂಡೆಗಳನ್ನು ಬೆರಳಲ್ಲೇ ಹಿಸುಕಿ ಕರಗಿಸಬೇಕು. ಆಮೇಲೆ ಎಡಕ್ಕೆ ಬಲಕ್ಕೆ ಜೋರಾಗಿ ಅಲುಗಾಡಿಸಬೇಕು. ಚಿನ್ನ ಅಷ್ಟೇ ಗಾತ್ರದ ನೀರಿಗಿಂತ 19 ಪಟ್ಟು ತೂಕ, ಸಾಮಾನ್ಯ ಬಿಳಿ ಮರಳು ಎರಡೂವರೆ ಪಟ್ಟಿಗೆ ಸ್ವಲ್ಪ ಜಾಸ್ತಿ. ಹಾಗಾಗಿ ಅಲುಗಾಡಿಸಿದರೆ ಅದು ತಾನಾಗಿಯೇ ತಳ ಸೇರುತ್ತದೆ. ಮೇಲಿನದನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಟ್ಟು, ಮತ್ತೆ ಅಲುಗಾಡಿಸಬೇಕು. ಹೊಸಬರು ಮರೆಯುವುದು ಈ 'ಮತ್ತೆ'ಯನ್ನು.

ಮೊದಲ ದಿನ ನಮಗೆ ಆದದ್ದು ಬೇರೆಯದೇ ಕಥೆ. ಮಧ್ಯಾಹ್ನದ ಹೊತ್ತಿಗೆ ಪ್ಯಾನಿನ ತುದಿಯಲ್ಲಿ ಒಂದು ಹಳದಿ ಪುಡಿ ನೀರಿನ ಮೇಲೆ ತೇಲುತ್ತಾ ಬಂತು. 'ತೇಲುತ್ತೆ ಅಂದ್ರೆ ಚಿನ್ನ ಅಲ್ಲ ಬಿಡಿ ಭಾವ' ಎಂದು ನಾನೇ ಚೆಲ್ಲಿಬಿಟ್ಟೆ. ಪಕ್ಕದಲ್ಲಿ ತೊಳೆಯುತ್ತಿದ್ದ ಮುದುಕರೊಬ್ಬರು ನನ್ನ ಕೈ ನೋಡಿ, 'ಸನ್‌ಸ್ಕ್ರೀನ್ ಹಚ್ಚಿದ್ದೀರಾ?' ಎಂದರು. ಹಿಟ್ಟಿನಷ್ಟು ಸಣ್ಣ ಚಿನ್ನಕ್ಕೆ ಎಣ್ಣೆಯಂಶ ಅಂಟಿದರೆ ಅದು ನೀರಿನ ಮೇಲೇ ನಿಲ್ಲುತ್ತದಂತೆ. ನಮ್ಮ ಕೈ, ಪ್ಯಾನು ಎರಡೂ ಜಿಡ್ಡು. ಬೆಳಗಿನಿಂದ ಹೀಗೆ ಎಷ್ಟು ಚೆಲ್ಲಿದ್ದೆವೋ! ಅದಕ್ಕೇ ಹೇಳುವುದು: ಹೊಸ ಪ್ಯಾನನ್ನು ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಕೈ ಒರೆಸಿಕೊಳ್ಳಿ, ಬಿಸಿಲಿಗೆ ಉದ್ದ ತೋಳಿನ ಅಂಗಿ ಹಾಕಿ. ಪ್ಲಾಸ್ಟಿಕ್ ಪ್ಯಾನೇ ಸಾಕು, ಹಸಿರೋ ಕಪ್ಪೋ ಇದ್ದರೆ ಹಳದಿ ಎದ್ದು ಕಾಣುತ್ತದೆ. ಹೊರಡುವ ಮುಂಚೆ ಬಕೆಟ್ ಮರಳಿಗೆ ಎಣಿಸಿ ಹತ್ತು ಸಣ್ಣ ಸೀಸದ ಗುಂಡು ಬೆರೆಸಿ ತೊಳೆದು ನೋಡಿ. ಹತ್ತೂ ವಾಪಸ್ ಸಿಕ್ಕರೆ ಕೈ ಕುದುರಿದೆ ಅಂತ ಲೆಕ್ಕ.

ಎರಡನೇ ದಿನ ಹೆದ್ದಾರಿ 49ರಲ್ಲೇ ಉತ್ತರಕ್ಕೆ. ದಾರಿಯಲ್ಲಿ ಗ್ರಾಸ್ ವ್ಯಾಲಿಯ ಎಂಪೈರ್ ಗಣಿಗೆ ಒಂದು ಗಂಟೆ ಕೊಡಿ. 1850ರಿಂದ 1956ರವರೆಗೆ 58 ಲಕ್ಷ ಔನ್ಸ್ ಚಿನ್ನ ತೆಗೆದ ಗಣಿ. ನೆಲದಡಿಯ ಸುರಂಗಗಳ ಉದ್ದ ಸೇರಿಸಿದರೆ 367 ಮೈಲಿ. ಸಮಯವಿದ್ದರೆ ಮಲಕಾಫ್ ಡಿಗಿನ್ಸ್‌ಗೂ ಹೋಗಿ. ದೊಡ್ಡ ತೂತಿನ ಪೈಪಿನಿಂದ ನೀರು ಚಿಮ್ಮಿಸಿ ಗುಡ್ಡವನ್ನೇ ಕರಗಿಸಿ ಚಿನ್ನ ತೆಗೆದ ಜಾಗ ಅದು. ಆ ಕೆಸರೆಲ್ಲ ಕೆಳಗಿನ ಹೊಳೆಗಳನ್ನು ತುಂಬಿ ರೈತರ ಹೊಲ ಮುಳುಗಿಸಿತು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಕೊಟ್ಟ ತೀರ್ಪಿನಿಂದ ಹೊಳೆಗೆ ಹಾಗೆ ಕೆಸರು ಸುರಿಯುವುದು ನಿಂತಿತು. ಬೋಳು ಕೆಂಪು ಗೋಡೆಗಳು ಇನ್ನೂ ಹಾಗೇ ನಿಂತಿವೆ.

ಆ ಗಣಿಯವರು ಬಿಟ್ಟುಹೋದ ಇನ್ನೊಂದು ವಸ್ತು ಪಾದರಸ. ಸಣ್ಣ ಚಿನ್ನ ಹಿಡಿಯೋಕೆ ಅದನ್ನು ಧಾರಾಳವಾಗಿ ಸುರಿಯುತ್ತಿದ್ದರು, ಈಗಲೂ ಹೊಳೆ ತಳದಲ್ಲಿ ಸಿಗುತ್ತದೆ. ನಿಮ್ಮ ಚಿನ್ನದ ಚೂರು ಬೆಳ್ಳಿ ಬಣ್ಣಕ್ಕಿದ್ದರೆ ಪಾದರಸ ಮೆತ್ತಿದೆ ಅಂತಲೇ ತಿಳಿಯಿರಿ. ಬರಿಗೈಲಿ ಮುಟ್ಟಬೇಡಿ. ಮನೆಗೆ ತಂದು ಒಲೆಯ ಮೇಲೆ ಕಾಯಿಸುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ, ಅದರ ಹೊಗೆ ವಿಷ.

ನೆವಾಡಾ ಸಿಟಿ ದಾಟಿದ ಮೇಲೆ ರಸ್ತೆ ಬರೀ ತಿರುವು. ಡೌನಿವಿಲ್ ಸೇರೋಕೆ ಒಂದು ಗಂಟೆಯ ಮೇಲೇ ಬೇಕು. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಎರಡು ಹೊಳೆ ಕೂಡುವ ಜಾಗದಲ್ಲಿ ಕೂತ ಪುಟ್ಟ ಊರು, ಮರದ ಕಾಲುದಾರಿ, ಸುತ್ತ ಪೈನ್ ಮರಗಳು. ನಮ್ಮ ನಿಜವಾದ ಹುಡುಕಾಟ ಇಲ್ಲಿಂದ ಮೇಲಕ್ಕೆ, ಉತ್ತರ ಯೂಬಾ ನದಿಯ ದಂಡೆಯಲ್ಲಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅರಣ್ಯದ ಜಾಗದಲ್ಲಿ ಬರೀ ಪ್ಯಾನ್ ಹಿಡಿದು ತೊಳೆಯೋಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಕಾಡು ಸರ್ಕಾರದ್ದಾದರೂ ಅದರೊಳಗಿನ ಖನಿಜದ ಹಕ್ಕು ಬೇರೆಯವರದ್ದಾಗಿರಬಹುದು. 1872ರ ಗಣಿ ಕಾನೂನು ಇನ್ನೂ ಜಾರಿಯಲ್ಲಿದೆ. ಅದರ ಪ್ರಕಾರ ಹಕ್ಕು ಹಾಕಿಕೊಂಡ ತುಂಡಿಗೆ ಅಲ್ಲಿ 'ಕ್ಲೇಮ್' ಎನ್ನುತ್ತಾರೆ. ಬೇರೆಯವರ ಕ್ಲೇಮಿನಲ್ಲಿ ಒಂದು ಚಿಟಿಕೆ ತೆಗೆದರೂ ಕಳ್ಳತನವೇ. ಮೂಲೆಯಲ್ಲಿ ಕಂಬವೋ ಮರಕ್ಕೆ ಹೊಡೆದ ಚೀಟಿಯೋ ಇರುತ್ತದೆ, ಕೆಲವು ಕಡೆ ಬಿದ್ದೇ ಹೋಗಿರುತ್ತದೆ. ಹಾಗಾಗಿ ಮೊದಲು ಅರಣ್ಯದ ಕಚೇರಿಯಲ್ಲಿ ಕೇಳಿ. ಸರ್ಕಾರಿ ಜಮೀನು ನೋಡಿಕೊಳ್ಳುವ ಇಲಾಖೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ದಾಖಲೆ ಆನ್‌ಲೈನಲ್ಲೂ ಇದೆ. ನಾವು ಕೇಳದೆ ಇಳಿದ ಮೊದಲ ಜಾಗ ಕ್ಲೇಮ್ ಆಗಿತ್ತು. ಮಾಲೀಕರು ಬಂದು ಮರ್ಯಾದೆಯಿಂದಲೇ ಮಾತಾಡಿದರು, ಆದರೂ ಅವಮಾನ ಅವಮಾನವೇ ಅಲ್ವಾ. ಭಾವ ಆ ದಿನವೆಲ್ಲ ಮೆತ್ತಗಿದ್ದರು. ಇನ್ನು ಮೋಟಾರ್ ಇಟ್ಟು ಹೊಳೆತಳ ಹೀರುವ ಡ್ರೆಜ್ ಯಂತ್ರವನ್ನು 2009ರಿಂದ ಈ ರಾಜ್ಯದಲ್ಲಿ ತಡೆದಿದ್ದಾರೆ. ಯಾರಾದರೂ ಮಾರೋಕೆ ಬಂದರೆ ಬೇಡ ಅನ್ನಿ.

ಸರಿಯಾದ ಜಾಗ ಕೇಳಿಕೊಂಡು ಬಂದ ಮೇಲೂ ಸುಮ್ನೆ ಕಂಡಕಂಡಲ್ಲಿ ಕೆರೆಯಲಿಲ್ಲ. ಅರ್ಧ ಗಂಟೆ ಹೊಳೆ ನೋಡುತ್ತಾ ಕೂತೆವು. ಈ ಪ್ರವಾಸದಲ್ಲಿ ನಾವು ಮಾಡಿದ ಜಾಣ ಕೆಲಸ ಅದೊಂದೇ. ಪ್ರವಾಹ ಬಂದಾಗ ನೀರಿನ ಓಟ ಎಲ್ಲಿ ತಗ್ಗುತ್ತದೋ ಅಲ್ಲಿ ಚಿನ್ನ ಕೂರುತ್ತದೆ. ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂಬದಿ, ಎಲ್ಲಕ್ಕಿಂತ ಹೆಚ್ಚಾಗಿ ಹಾಸುಬಂಡೆಯ ಬಿರುಕು. ಚಿನ್ನ ಮರಳಿನಲ್ಲಿ ಇಳಿಯುತ್ತಾ ಇಳಿಯುತ್ತಾ ಬಂಡೆ ಸಿಕ್ಕಾಗ ನಿಲ್ಲುತ್ತದೆ. ಹಾಗಾಗಿ ಮರಳಿನ ದಿಬ್ಬದಲ್ಲಿ ಬೆವರು ಸುರಿಸಿ ಗುಂಡಿ ತೋಡುವುದಕ್ಕಿಂತ, ನೀರಿಳಿದು ಬಯಲಾದ ಬಂಡೆಯ ಒಂದು ಸೀಳು ಮೇಲು.

ನಮಗೆ ಸಿಕ್ಕಿದ ಸೀಳು ಹೊಳೆಗೆ ಅಡ್ಡವಾಗಿತ್ತು, ಬೆರಳಷ್ಟು ಅಗಲ. ಮೇಲೆ ಹುಲ್ಲಿನ ಬೇರು ಹೆಣೆದುಕೊಂಡಿತ್ತು. ಹಳೆಯ ಚಮಚದಿಂದ ಕೆರೆದು, ಹಲ್ಲುಜ್ಜುವ ಬ್ರಶ್‌ನಿಂದ ಗುಡಿಸಿ, ಬೇರನ್ನೂ ಪ್ಯಾನಿನೊಳಗೇ ಕೊಡವಿದೆವು. ತುಂಬಿದ್ದು ಎರಡು ಬೊಗಸೆ ಮಣ್ಣು. ತೊಳೆಯುತ್ತಾ ಹೋದಂತೆ ಕಪ್ಪು ಮರಳು ಉಳಿಯಿತು. ಅದು ಕಬ್ಬಿಣದ ಅದಿರಿನ ಪುಡಿ, ತೂಕದ್ದು, ಕಂಡರೆ ಒಳ್ಳೆಯ ಶಕುನ. ಕೊನೆಯಲ್ಲಿ ಒಂದು ಗುಟುಕು ನೀರು ಬಿಟ್ಟು ಪ್ಯಾನನ್ನು ಮೆಲ್ಲಗೆ ಸುತ್ತಿಸಿದರೆ ಕಪ್ಪು ಮುಂದಕ್ಕೆ ಸರಿಯಿತು. ಹಿಂದೆ ಐದು ಹಳದಿ ಚುಕ್ಕಿ ಹಾಗೇ ಕೂತಿದ್ದವು.

ಅಷ್ಟರಲ್ಲಾಗಲೇ ಕಾಗೆಬಂಗಾರ ನೋಡಿ ಎರಡು ಸಲ ಕೂಗಿ ಆಗಿತ್ತು. ಆದರೆ ನಿಜವಾದದ್ದು ಕಂಡಾಗ ಅನುಮಾನವೇ ಬರಲ್ಲ. ಕಾಗೆಬಂಗಾರ ಬಿಸಿಲಿಗೆ ಮಿನುಗುತ್ತದೆ, ನೆರಳು ಬಿದ್ದರೆ ಮಂಕಾಗುತ್ತದೆ, ನೀರಲ್ಲಿ ಹಗುರವಾಗಿ ಸುಳಿಯುತ್ತದೆ. ಚಿನ್ನ ನೆರಳಲ್ಲೂ ಹಳದಿಯೇ. ಸೂಜಿಯಿಂದ ಒತ್ತಿದರೆ ಚಪ್ಪಟೆಯಾಗುತ್ತದೆ, ಚಿನ್ನದಂತೆಯೇ ಕಾಣುವ ಇನ್ನೊಂದು ಖನಿಜ ಪೈರೈಟ್ ಪುಡಿಯಾಗುತ್ತದೆ. ಹೊಳೆ ಮರಳು ತೊಳೆದು ಚಿನ್ನ ತೆಗೆಯುವವರಿಗೆ ಕನ್ನಡದಲ್ಲಿ ಜಲಗಾರ ಅನ್ನುವ ಹಳೆಯ ಮಾತಿದೆ. 'ಇವತ್ತಿಗೆ ನಾವೂ ಜಲಗಾರರಾದೆವು' ಅಂದರು ಭಾವ.

ಮೂರನೇ ದಿನ ಅದೇ ಬಂಡೆಯಲ್ಲಿ ಇನ್ನೂ ಮೂರು ಸಿಕ್ಕವು. ಆಮೇಲೆ ಸೊಂಟ ಕೈಕೊಟ್ಟಿತು.

ಹೋಗೋಕೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ, ನೀರು ಇಳಿದಿರುತ್ತದೆ. ಮೇ, ಜೂನ್‌ನಲ್ಲಿ ಹಿಮ ಕರಗಿ ಹೊಳೆ ರಭಸವಾಗಿ ಹರಿಯುತ್ತದೆ. ಆಗ ಮೊಣಕಾಲುದ್ದ ನೀರೂ ಎಳೆದುಕೊಂಡು ಹೋಗುತ್ತದೆ. ಬೇಸಿಗೆ ಕೊನೆಗೆ ಕಾಡ್ಗಿಚ್ಚಿನ ಭಯವೂ ಇದೆ, ಹೊರಡುವ ದಿನ ಬೆಳಿಗ್ಗೆ ರಸ್ತೆ ತೆರೆದಿದೆಯಾ ನೋಡಿ. ಮೂರು ಎಲೆ ಒಟ್ಟಿಗಿರುವ ಪಾಯ್ಸನ್ ಓಕ್ ಗಿಡ ದಂಡೆಯುದ್ದಕ್ಕೂ ಇರುತ್ತದೆ. ಮುಟ್ಟಿದರೆ ವಾರಗಟ್ಟಲೆ ತುರಿಕೆ. ಬಂಡೆ ಸಂದಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಕೆದಕಿ, ವಿಷದ ರ‍್ಯಾಟಲ್‌ಸ್ನೇಕ್ ಹಾವು ಅಲ್ಲೇ ತಣ್ಣಗೆ ಮಲಗಿರುತ್ತದೆ. ಮಂಡಿಗೆ ಒಂದು ಪ್ಯಾಡ್, ಒಣ ಕಾಲುಚೀಲ ಎರಡು ಜೊತೆ ಜಾಸ್ತಿಯೇ ಇರಲಿ. ತೋಡಿದ ಗುಂಡಿ ಮುಚ್ಚಿ ಬನ್ನಿ.

ಉಳಿದ ಕಪ್ಪು ಮರಳನ್ನು ಹೊಳೆಯಲ್ಲೇ ಪೂರ್ತಿ ತೊಳೆಯೋಕೆ ಹೋಗಬೇಡಿ. ಬಾಟಲಿಗೆ ತುಂಬಿಕೊಂಡು ಮನೆಗೆ ತನ್ನಿ. ಒಣಗಿಸಿ, ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲೆ ಆಡಿಸಿದರೆ ಕಪ್ಪು ಬಹುಪಾಲು ಎದ್ದು ಬರುತ್ತದೆ. ನಮ್ಮ ಒಂಬತ್ತನೇ ಚುಕ್ಕಿ ಪಾತ್ರೆ ತೊಳೆಯುವ ಸಿಂಕಿನ ಪಕ್ಕ ಹಾಗೆ ಸಿಕ್ಕಿದ್ದು.