ಮೇಣದ ಕಾಲು, ಪೌಲರ ಮುಳ್ಳು

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಊರಲ್ಲಿ, ಮಂಗಳೂರು ಕಡೆ, ಅವತ್ತು ತೆನೆ ಹಬ್ಬ. ಮುಂಬಯಿಯಲ್ಲಿ ಅದರ ಬೆನ್ನಿಗೇ ಬಾಂದ್ರಾ ಗುಡ್ಡದ ಮೌಂಟ್ ಮೇರಿ ಜಾತ್ರೆ, ಭಾನುವಾರದಿಂದ ಒಂದು ವಾರ. ಈಗಿನ ಚರ್ಚು 1904ರದ್ದು, ಇಲ್ಲಿನ ಭಕ್ತಿ ಅದಕ್ಕಿಂತ ತುಂಬಾ ಹಳೆಯದು. ಮುಂಬಯಿಯ ಮೀನುಗಾರ ಕೋಳಿ ಜನ ಈ ಮಾತೆಯನ್ನು ಮೋತ್ ಮಾವ್ಲಿ ಅನ್ನುತ್ತಾರೆ. ಕ್ರೈಸ್ತರಲ್ಲದವರೂ ದಂಡಿಯಾಗಿ ಬರುತ್ತಾರೆ.

ರಸ್ತೆ ಬದಿಯ ಅಂಗಡಿಗಳಲ್ಲಿ ಮೇಣದ ಕೈ, ಕಾಲು, ಮಗು, ಮನೆ, ವಿಮಾನ. ಕಾಲುನೋವಿನವರು ಕಾಲು ಒಪ್ಪಿಸುತ್ತಾರೆ, ಮಕ್ಕಳಿಲ್ಲದವರು ಮಗು. ವಿಮಾನ ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ವೀಸಾಕ್ಕೆ ಕಾಯುತ್ತಿರುವವರಿಗೆ. ನೋಡಿದರೆ ನಗು ಬರಬಹುದು. ಆದರೆ ಬೇಕಾದ್ದನ್ನು ಇಷ್ಟು ನೇರವಾಗಿ ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಹರಕೆ ತಪ್ಪಲ್ಲ. ಅದನ್ನು ವ್ಯಾಪಾರ ಅಂದುಕೊಂಡರೆ ಎಡವಟ್ಟು. ಮೇಣ ಕೊಟ್ಟು ಕೃಪೆ ಕೊಳ್ಳಲಾಗುವುದಿಲ್ಲ. ರಕ್ಷಣೆ ದೇವರು ಕೊಟ್ಟ ಉಡುಗೊರೆ, ಅದರಲ್ಲಿ ಯಾರೂ ಜಂಭ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ ಅಂತ ಬೈಬಲಿನಲ್ಲಿ ಸಂತ ಪೌಲರ ಹೆಸರಿನಲ್ಲಿ ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಯೇಸುವಿನ ತಾಯಿಯಾಗುವಿ ಅಂತ ಹೇಳಲು ಗಬ್ರಿಯೇಲ ದೂತ ಬಂದು ವರಪ್ರಸಾದಪೂರ್ಣೆ, ಅಂದರೆ ಕೃಪೆ ತುಂಬಿದವಳೇ, ಅಂತ ಕರೆದಾಗ ಮರಿಯಮ್ಮನವರೂ ಏನನ್ನೂ ಕೇಳಿರಲಿಲ್ಲ. ಕೃಪೆ ಮೊದಲು ಬಂತು, ಅವರ ಒಪ್ಪಿಗೆ ಆಮೇಲೆ.

ಹೇಳೋದು ಸುಲಭ, ಅರಗಿಸಿಕೊಳ್ಳೋದು ಕಷ್ಟ. ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಕಥೆಯಿದೆಯಲ್ಲ, ಕೂಲಿಯಾಳುಗಳು ಕೆಲಸಕ್ಕೆ ಕಾಯುತ್ತಾ ನಿಲ್ಲುವ ಮುಂಬಯಿಯ ನಾಕಾ ನೋಡಿದವರಿಗೆ ಅದು ಬೇಗ ತಟ್ಟುತ್ತದೆ. ಕಲಬುರಗಿ, ವಿಜಯಪುರ ಕಡೆಯವರು ಬೆಳಿಗ್ಗೆ ಕರಣೆ, ಬುತ್ತಿ ಹಿಡಿದು ನಿಂತಿರುತ್ತಾರೆ. ಗಟ್ಟಿಮುಟ್ಟಾದ ಹುಡುಗರಿಗೆ ಮೊದಲು ಕರೆ. ವಯಸ್ಸಾದವರು ಬಿಸಿಲೇರಿದ ಮೇಲೂ ಅಲ್ಲೇ. ಕಥೆಯ ಯಜಮಾನ ಸಂಜೆ 5ಕ್ಕೆ ಮತ್ತೆ ಬರುತ್ತಾನೆ. ಯಾಕೆ ಸುಮ್ನೆ ನಿಂತಿದ್ದೀರಿ ಅಂದರೆ, ಯಾರೂ ಕರೆಯಲಿಲ್ಲ ಸ್ವಾಮಿ ಅನ್ನುತ್ತಾರೆ. ಅವರದು ಒಂದು ಗಂಟೆಯ ಕೆಲಸ. ಕೂಲಿ ಮಾತ್ರ ಬೆಳಿಗ್ಗೆ ಬಂದವರಷ್ಟೇ, ಒಂದು ದಿನಾರಿ ನಾಣ್ಯ. ಬೆಳಗಿನವರಿಗೆ ಹೊಟ್ಟೆಯುರಿ.

ಚಿಕ್ಕಂದಿನಿಂದ ಚರ್ಚಿನ ಬಲಿಪೂಜೆ ತಪ್ಪಿಸದ, ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ಬಾಯಿಪಾಠವಾದ ನಮ್ಮಂಥವರೇ ಆ ಬೆಳಗಿನವರು, ಅಲ್ವಾ? ವರ್ಷಕ್ಕೊಮ್ಮೆ ಜಾತ್ರೆಗೆ ಮಾತ್ರ ಬರುವವರನ್ನು ಕಂಡರೆ ನಮಗೂ ಒಳಗೊಳಗೇ ಗೊಣಗಾಟ. ಆದರೆ ಸಂಜೆ ಬಂದವನ ಮನೆಯಲ್ಲಿ ಉಣ್ಣುವವರೇನು ಕಮ್ಮಿಯೇ? ಯಜಮಾನ ನೋಡಿದ್ದು ಗಂಟೆಯನ್ನಲ್ಲ, ಆ ಮನೆಯನ್ನು ಅಂತ ನನಗನ್ನಿಸುತ್ತದೆ.

ಹಾಗಾದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು? ಈ ವಿಷಯದಲ್ಲೇ ಕಥೋಲಿಕರೂ ಮಾರ್ಟಿನ್ ಲೂಥರರ ಹಾದಿಯ ಲೂಥರನ್ನರೂ ಶತಮಾನಗಳ ಕಾಲ ಜಗಳವಾಡಿದರು. ಕೊನೆಗೆ 1999ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಹೇಳಿಕೆಗೆ ಒಟ್ಟಿಗೆ ಸಹಿ ಹಾಕಿದರು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದಲೇ, ಒಳ್ಳೆಯ ಕೆಲಸ ಅದರ ಫಲ.

ನನ್ನನ್ನು ಜಾಸ್ತಿ ಕಾಡುವುದು ಬೇರೆ. ಮೇಣದ ಕಾಲು ಒಪ್ಪಿಸಿ, ಕುಂಟುತ್ತಲೇ ಗುಡ್ಡ ಇಳಿಯುವವರ ಗತಿ ಏನು? ಅವರ ನಂಬಿಕೆ ಸಾಲದಾಯಿತು ಅಂತ ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಪೌಲರ ನಂಬಿಕೆಗೆ ಏನು ಕಮ್ಮಿಯಿತ್ತು? ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆದುಬಿಡು ಅಂತ ಅವರು ಮೂರು ಸಲ ಬೇಡಿಕೊಂಡರು. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಇದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಮುಳ್ಳು ಏನು ಅಂತ ಮಾತ್ರ ಹೇಳಿಲ್ಲ. ಕಣ್ಣಿನ ಬೇನೆ ಅನ್ನುವವರಿದ್ದಾರೆ, ವಿರೋಧಿಗಳ ಕಾಟ ಅನ್ನುವವರೂ ಇದ್ದಾರೆ. ಹೇಳದೆ ಬಿಟ್ಟದ್ದೇ ಒಳ್ಳೆಯದಾಯಿತು. ಮಂಡಿ ಹಿಡಿದುಕೊಂಡವರೂ, 11 ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಾಯಿಸಿ ಸುಸ್ತಾದವರೂ ಆ ಉತ್ತರ ತಮಗೇ ಬಂದದ್ದು ಅಂತ ಓದಿಕೊಳ್ಳಬಹುದು.